ಮೆಟ್ರೊ ಬಂತು, ಬೀದಿ ಬರಲಿಲ್ಲ: ವೈಟ್‌ಫೀಲ್ಡ್ ಸುತ್ತಲಿನ ರಸ್ತೆಗಳು ಕೈತಪ್ಪಿದ್ದು ಎಲ್ಲಿ?

2023ರ ಮಾರ್ಚ್ 25ರಂದು ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ನ ಕಾಡುಗೋಡಿವರೆಗಿನ ಸುಮಾರು 13.7 ಕಿ.ಮೀ. ಉದ್ದದ ಮೆಟ್ರೊ ಮಾರ್ಗ ಉದ್ಘಾಟನೆಗೊಂಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯ ಬಳಿ ಬಾಕಿ ಉಳಿದಿದ್ದ ತುಂಡೂ ಸೇರಿಕೊಂಡು, ನಗರದ ಪೂರ್ವದ ಅಂಚಿನಿಂದ ಪಶ್ಚಿಮದ ಚಲ್ಲಘಟ್ಟದವರೆಗೆ ನೇರಳೆ ಮಾರ್ಗ ಒಂದೇ ಓಟದ್ದಾಯಿತು. ಮೆಜೆಸ್ಟಿಕ್‌ನಿಂದ ಹೂಡಿಗೋ ಕುಂದಲಹಳ್ಳಿಗೋ ಬರುವವರು ಅದಕ್ಕೂ ಮುಂಚೆ ಬಸ್ಸಿನಲ್ಲಿ ಎರಡು ಗಂಟೆ ಕುಳಿತಿರುವುದು ಅಪರೂಪವೇನೂ ಆಗಿರಲಿಲ್ಲ. ಈಗ ಹೊತ್ತು ನೋಡಿಕೊಂಡು ಮನೆ ಬಿಡಬಹುದು. ಆದರೆ ನಿಲ್ದಾಣದ ಮೆಟ್ಟಿಲಿಳಿದ ಮೇಲೆ ಮನೆಯ ತನಕ ಉಳಿಯುವ ಏಳೆಂಟುನೂರು ಮೀಟರ್ ದಾರಿ ಮಾತ್ರ ಮೊದಲಿದ್ದ ಹಾಗೆಯೇ ಇದೆ. ಬಹಳಷ್ಟು ಜನ ಆ ದೂರಕ್ಕೆ ಆಟೊ ಹಿಡಿಯುತ್ತಾರೆ, ಇಲ್ಲವೇ ಸ್ಕೂಟರಿನಲ್ಲಿ ಬಂದು ನಿಲ್ದಾಣದ ಕೆಳಗೆ ಸಿಕ್ಕ ಜಾಗದಲ್ಲಿ ನಿಲ್ಲಿಸುತ್ತಾರೆ. ಹತ್ತು ನಿಮಿಷ ನಡೆಯಲು ಸೋಮಾರಿತನ ಎಂದು ಇದನ್ನು ತಳ್ಳಿಹಾಕುವವರು ಆ ದಾರಿಯಲ್ಲಿ ಒಮ್ಮೆ ಮಗುವನ್ನು ಕೈಯಲ್ಲಿ ಹಿಡಿದು ನಡೆದು ನೋಡಬೇಕು.

ಮುಖ್ಯರಸ್ತೆಯಿಂದ ಒಳಕ್ಕೆ ತಿರುಗಿದ ಕೂಡಲೇ ಮೊದಲು ಎದುರಾಗುವುದು ಒಂದು ಟ್ರಾನ್ಸ್‌ಫಾರ್ಮರ್. ಅದರ ಸುತ್ತಲಿನ ಕಬ್ಬಿಣದ ಬೇಲಿ ಚರಂಡಿಯ ಮೇಲಿನ ಚಪ್ಪಡಿಯನ್ನು ಪೂರ್ತಿ ಆಕ್ರಮಿಸಿಕೊಂಡಿರುವುದರಿಂದ ನಡೆಯುವವರು ಡಾಂಬರಿಗೆ ಇಳಿಯಬೇಕು. ಅದನ್ನು ದಾಟಿದರೆ ನಾಲ್ಕು ಚಪ್ಪಡಿಗಳಷ್ಟು ದೂರ ಸರಾಗವಾಗಿ ನಡೆಯಬಹುದು. ಐದನೆಯದು ಮುರಿದಿದೆ, ಬಾಯಿ ಬಿಟ್ಟ ಮೋರಿಗೆ ಯಾರೋ ತೆಂಗಿನ ಗರಿ ಸಿಕ್ಕಿಸಿ ಎಚ್ಚರಿಸಿದ್ದಾರೆ. ಮುಂದಿನದು ಮೂವತ್ತು-ನಲವತ್ತರ ನಿವೇಶನದಲ್ಲಿ ಎದ್ದಿರುವ ಐದು ಅಂತಸ್ತಿನ ಪಿ.ಜಿ. ಅದರ ಮುಂದಿನ ಇಳಿಜಾರು ಗೇಟಿನಿಂದ ಹೊರಟು, ಚರಂಡಿಯನ್ನು ಮುಚ್ಚಿ, ರಸ್ತೆಯೊಳಕ್ಕೆ ಮೂರಡಿ ಚಾಚಿಕೊಂಡಿದೆ. ಅದರ ಪಕ್ಕದ ಮನೆಯವರು ತಮ್ಮ ಕಾಂಪೌಂಡಿನ ಹೊರಗೆ ಗಿಡಗಳಿಗೆಂದು ಜಾಲರಿ ಕಟ್ಟಿಸಿದ್ದಾರೆ. ಬಳಿಕ ಬರುವ ಅಪಾರ್ಟ್‌ಮೆಂಟ್ ಸಮುಚ್ಚಯದ ಉದ್ದಕ್ಕೂ ರಸ್ತೆ ಇದ್ದಕ್ಕಿದ್ದಂತೆ ಅಗಲವಾಗುತ್ತದೆ, ಇಂಟರ್‌ಲಾಕ್ ಕಲ್ಲಿನ ನೀಟಾದ ಪಾದಚಾರಿ ಮಾರ್ಗವೂ ಸಿಗುತ್ತದೆ, ಹೆಚ್ಚುವರಿ ಅಗಲದಲ್ಲಿ ಸಾಲಾಗಿ ಕ್ಯಾಬುಗಳು ನಿಂತಿರುತ್ತವೆ. ಸಮುಚ್ಚಯದ ಗೋಡೆ ಮುಗಿದಲ್ಲಿಗೆ ಅದೂ ಮುಗಿಯುತ್ತದೆ. ಅಲ್ಲಿಂದಾಚೆಗೆ ಎರಡು ಕಾರುಗಳು ಎದುರುಬದುರಾದರೆ ಒಂದು ಹಿಂದಕ್ಕೆ ಸರಿಯಲೇಬೇಕಾದ ಹಳೆಯ ಊರದಾರಿ.

ಹೂಡಿ, ನಲ್ಲೂರಹಳ್ಳಿ, ವರ್ತೂರು, ಬಳಗೆರೆ, ಪಣತ್ತೂರು, ಯಾವ ಕಡೆ ಹೋದರೂ ಸ್ವಲ್ಪ ಹೆಚ್ಚುಕಡಿಮೆ ಇದೇ ಅನುಭವವಾಗುತ್ತದೆ. ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆಗಳು ಎರಡು. ಒಂದು, ಊರು ಯೋಜನೆಯಿಲ್ಲದೆ ಬೆಳೆಯಿತು ಎಂಬುದು; ಎರಡು, ರಸ್ತೆಗಳು ಕಿರಿದಾಗಿವೆ, ಅಗಲ ಮಾಡಿದರೆ ಸರಿಹೋಗುತ್ತದೆ ಎಂಬುದು. ಎರಡೂ ಅರ್ಧ ಸತ್ಯಗಳೇ. ಇಲ್ಲಿ ಎದ್ದಿರುವ ದೊಡ್ಡ ಕಟ್ಟಡಗಳ ಪೈಕಿ ಬಹುಪಾಲು ನಕ್ಷೆ ಮಂಜೂರಾತಿ ಪಡೆದೇ ಕಟ್ಟಿದಂಥವು. ಪ್ರತಿ ನಕ್ಷೆಯಲ್ಲೂ ಎದುರಿನ ರಸ್ತೆಯ ಅಗಲವನ್ನು ಬರೆದಿರುತ್ತಾರೆ. ಆದರೆ ಆ ರಸ್ತೆ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಆ ಅಗಲದೊಳಗೆ ಏನೇನು ಇರಬೇಕು ಎಂಬುದನ್ನು ಮಂಜೂರಾತಿಯ ಯಾವ ಹಂತದಲ್ಲೂ ಯಾರೂ ಕೇಳುವುದಿಲ್ಲ. ಬೀದಿ ಕೈತಪ್ಪಿದ್ದು ಅಲ್ಲಿ ಎಂಬುದು ಈ ಲೇಖನದ ವಾದ.

ವಿಚಿತ್ರವೆಂದರೆ, ವೈಟ್‌ಫೀಲ್ಡ್ ಹುಟ್ಟಿದ್ದೇ ಒಂದು ವಿನ್ಯಾಸವಾಗಿ. 1882ರಲ್ಲಿ, ಮೈಸೂರಿನ ಮಹಾರಾಜ ಚಾಮರಾಜೇಂದ್ರ ಒಡೆಯರ್ ಅವರು ನೀಡಿದ ಜಮೀನಿನಲ್ಲಿ, ಡಿ.ಎಸ್. ವೈಟ್ ಎಂಬುವರ ನೇತೃತ್ವದಲ್ಲಿ ಆಂಗ್ಲೊ-ಇಂಡಿಯನ್ ಕುಟುಂಬಗಳಿಗಾಗಿ ರೂಪುಗೊಂಡ ಹಳ್ಳಿ ಇದು. ಒಂದರ ಸುತ್ತ ಇನ್ನೊಂದು ವರ್ತುಲ ಬರುವಂತೆ ಅದರ ರಸ್ತೆಗಳನ್ನು ಎಳೆದಿದ್ದರು. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಎಂಬ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ಹಳೆಯ ಮರಗಳಿರುವ ಆ ಒಳವರ್ತುಲದಲ್ಲಿ ನಡೆಯುವುದು ಈಗಲೂ ಹಿತವೇ. ಆದರೆ ಇಂದು ನಾವು ವೈಟ್‌ಫೀಲ್ಡ್ ಎಂದು ಕರೆಯುವ ಪ್ರದೇಶ ಆ ಹಳ್ಳಿಯಿಂದ ಹಬ್ಬಿಕೊಂಡದ್ದಲ್ಲ. 1990ರ ದಶಕದಲ್ಲಿ ಸಿಂಗಪುರದ ಸಹಭಾಗಿತ್ವದಲ್ಲಿ ಐಟಿಪಿಎಲ್ ಎಂಬ ಟೆಕ್ ಪಾರ್ಕ್ ತಲೆಯೆತ್ತಿತು, ಪಕ್ಕದಲ್ಲಿ ಸರ್ಕಾರದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯಾದ ಕೆಐಎಡಿಬಿಯ ರಫ್ತು ಉತ್ತೇಜನ ಕೈಗಾರಿಕಾ ಪ್ರದೇಶ ಬಂತು, ಅಲ್ಲಿ ಕೆಲಸ ಮಾಡುವವರಿಗೆ ಮನೆಗಳು ಬೇಕಾದವು, ಸುತ್ತಲಿನ ರಾಗಿ ಹೊಲ, ತರಕಾರಿ ತೋಟ, ದ್ರಾಕ್ಷಿ ಚಪ್ಪರಗಳು ಒಂದೊಂದೇ ಸರ್ವೆ ನಂಬರಿನಂತೆ ಮಾರಾಟವಾದವು.

ಈ ಕೊನೆಯ ಸಂಗತಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹಳ್ಳಿಯ ನಕಾಶೆಯಲ್ಲಿ ಗ್ರಾಮಠಾಣಾದ, ಅಂದರೆ ಮನೆಗಳಿರುವ ಊರಭಾಗದ, ಹೊರಗೆ ಇರುವ ದಾರಿಗಳು ಎರಡೇ ಬಗೆ: ಬಂಡಿದಾರಿ ಮತ್ತು ಕಾಲುದಾರಿ. ಎತ್ತಿನ ಬಂಡಿ ಹೊಲಕ್ಕೆ ಗೊಬ್ಬರ ಸಾಗಿಸಿ, ಕೊಯ್ಲಾದಾಗ ಕಣಕ್ಕೆ ತೆನೆ ತರಲು ಎಷ್ಟು ಬೇಕೋ ಅಷ್ಟು ಅಗಲ. ಬದುವಿನ ಅಂಚು ಹಿಡಿದು, ಕೆರೆಯ ಏರಿಯನ್ನು ಬಳಸಿ, ರಾಜಕಾಲುವೆ ಅಡ್ಡ ಬಂದಲ್ಲಿ ತಿರುಗಿ ಹೋಗುವ ಅಂಕುಡೊಂಕು. ಎರಡೆಕರೆ, ಮೂರೆಕರೆಯ ಹೊಲ ಭೂಪರಿವರ್ತನೆಯಾಗಿ ಬಡಾವಣೆಯೋ ಅಪಾರ್ಟ್‌ಮೆಂಟೋ ಆದಾಗ ಅದರೊಳಗಿನ ರಸ್ತೆಗಳು ಹೊಸದಾಗಿ ಬಂದವು, ಆದರೆ ಹೊಲಕ್ಕೆ ತಲುಪುವ ದಾರಿ ಅದೇ ಬಂಡಿದಾರಿಯಾಗಿ ಉಳಿಯಿತು. 2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ರಚಿಸಿದಾಗ ಮಹದೇವಪುರ ನಗರಸಭೆಯೂ ಈ ಹಳ್ಳಿಗಳ ಜೊತೆ ಒಂದೇ ಆಡಳಿತಕ್ಕೆ ಬಂತು. ಬೋರ್ಡಿನ ಮೇಲೆ ಅವು ಪಾಲಿಕೆಯ ರಸ್ತೆಗಳಾದವು. ನೆಲದ ಮೇಲೆ ಬಂಡಿದಾರಿಗೆ ಡಾಂಬರು ಬಿತ್ತು. ಪಣತ್ತೂರಿನ ಎಸ್ ಆಕಾರದ ತಿರುವಿನ ಹೆಸರು ಕೇಳದವರು ಆ ಭಾಗದಲ್ಲಿ ಇರಲಾರರು. ಅಂಥ ತಿರುವನ್ನು ಯಾವ ಎಂಜಿನಿಯರನೂ ಕಾಗದದ ಮೇಲೆ ಎಳೆಯುವುದಿಲ್ಲ. ಅದು ಹೊಲಗಳ ಎಲ್ಲೆ ಎಳೆದ ಗೆರೆ.

ಈಗ ಲೆಕ್ಕಕ್ಕೆ ಬರೋಣ. ಒಂದು ಎಕರೆ ಎಂದರೆ 43,560 ಚದರ ಅಡಿ. ಬಡಾವಣೆಯ ನಿಯಮದಂತೆ ಸುಮಾರು ಶೇ 55ರಷ್ಟನ್ನು ಮಾತ್ರ ನಿವೇಶನಗಳಿಗೆ ಬಿಟ್ಟು, ಉಳಿದುದನ್ನು ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಗಳಿಗೆ ತೆಗೆದಿಟ್ಟರೆ, 30x40 ಅಳತೆಯ ಇಪ್ಪತ್ತು ನಿವೇಶನಗಳು ಸಿಗುತ್ತವೆ. ಅದೇ ಎಕರೆಯಲ್ಲಿ ನೆಲದ ವಿಸ್ತೀರ್ಣದ 2.25 ಪಟ್ಟು ಕಟ್ಟಲು ಅವಕಾಶವಿರುವ ಅಪಾರ್ಟ್‌ಮೆಂಟ್ ಬಂದರೆ 98,000 ಚದರ ಅಡಿ ಕಟ್ಟಡ. ಒಂದು ಮನೆಗೆ 1,300 ಚದರ ಅಡಿಯಂತೆ ಹಿಡಿದರೆ 75 ಮನೆಗಳು. ಮನೆಗೊಂದು ಕಾರು, ಒಂದು ಸ್ಕೂಟರ್ ಎಂದುಕೊಂಡರೂ 150 ವಾಹನಗಳು ಒಂದೇ ಗೇಟಿನಿಂದ ಬಂಡಿದಾರಿಗೆ ಇಳಿಯುತ್ತವೆ. ಇಂಥ ಹತ್ತು ಸಮುಚ್ಚಯಗಳು ಒಂದೇ ದಾರಿಯನ್ನು ನೆಚ್ಚಿಕೊಂಡಿರುವ ಊರುಗಳು ಇಲ್ಲಿವೆ. ಹೀಗೆ ಜನ ಒತ್ತೊತ್ತಾಗಿ ಬದುಕುವುದನ್ನು ನಾನು ದೂರುತ್ತಿಲ್ಲ. ಮೆಟ್ರೊ, ಬಸ್ಸು, ನಡಿಗೆಯ ದೂರದ ಅಂಗಡಿ, ಎಲ್ಲಕ್ಕೂ ಜನದಟ್ಟಣೆ ಬೇಕು. ಗಾಂಧಿ ಬಜಾರ್, ಮಲ್ಲೇಶ್ವರಗಳು ಬದುಕಿರುವುದೇ ಅದರಿಂದ. ಕಟ್ಟಡಕ್ಕೆ ಅನುಮತಿ ಕೊಡುವಾಗ ದಟ್ಟಣೆಯನ್ನು ಎಣಿಸುವ ವ್ಯವಸ್ಥೆ, ಆ ಜನ ಹೊರಗೆ ಕಾಲಿಡುವ ನೆಲವನ್ನು ಎಣಿಸುವುದಿಲ್ಲ ಎಂಬುದಷ್ಟೇ ದೂರು.

ಬೆಂಗಳೂರಿನಲ್ಲಿ ಕಟ್ಟಡಗಳ ಅನುಮತಿಗೆ ಇಂದಿಗೂ ಆಧಾರವಾಗಿರುವುದು 2007ರಲ್ಲಿ ಅನುಮೋದನೆಗೊಂಡ ‘ಪರಿಷ್ಕೃತ ಮಹಾಯೋಜನೆ 2015’. ಅದರ ಹೆಸರಿನಲ್ಲಿರುವ ವರ್ಷ ಕಳೆದು ದಶಕವೇ ಆಗಿದೆ. 2031ಕ್ಕೆಂದು ಸಿದ್ಧಪಡಿಸಿದ ಕರಡು 2017ರ ಕೊನೆಗೆ ಪ್ರಕಟವಾಗಿ, 2020ರಲ್ಲಿ ಹಿಂದಕ್ಕೆ ಹೋಯಿತು. ಹಾಗಾಗಿ 2023ರಲ್ಲಿ ಬಂದ ಮೆಟ್ರೊ ನಿಲ್ದಾಣದ ಪಕ್ಕದ ಕಟ್ಟಡವನ್ನೂ ಈ ಹಳೆಯ ಮಹಾಯೋಜನೆಯ ವಲಯ ನಿಯಮಾವಳಿಯಲ್ಲೇ ಅಳೆಯಬೇಕು. ಆ ನಿಯಮಾವಳಿ ಕಟ್ಟಬಹುದಾದ ಒಟ್ಟು ವಿಸ್ತೀರ್ಣವನ್ನು, ಅಂದರೆ ಎಲ್ಲರ ಬಾಯಲ್ಲಿರುವ ಎಫ್‌ಎಆರ್ ಅನ್ನು, ಎರಡು ಸಂಖ್ಯೆಗಳಿಗೆ ಕಟ್ಟಿಹಾಕುತ್ತದೆ: ನಿವೇಶನದ ಅಳತೆ ಮತ್ತು ಎದುರಿನ ರಸ್ತೆಯ ಅಗಲ. ರಸ್ತೆ ಅಗಲವಾದಷ್ಟೂ ಎಫ್‌ಎಆರ್ ಏರುತ್ತದೆ. ಕೇಳಲು ತರ್ಕಬದ್ಧವಾಗಿಯೇ ಇದೆ. ಆದರೆ ಇಲ್ಲಿ ಅಗಲವೆಂದರೆ ಆ ನಿವೇಶನದ ಎದುರಿನ ಅಗಲ. ಅರ್ಧ ಕಿಲೋಮೀಟರ್ ಆಚೆ ಅದೇ ರಸ್ತೆ ರೈಲ್ವೆ ಕೆಳಸೇತುವೆಯಲ್ಲಿ ತೂರಿಕೊಂಡು ಹೋಗುವಷ್ಟು ಇಕ್ಕಟ್ಟಾಗಿದ್ದರೂ ಲೆಕ್ಕ ಬದಲಾಗುವುದಿಲ್ಲ. ನೀರಿನ ಕೊಳವೆಯ ಶಕ್ತಿಯನ್ನು ಅದರ ಅತಿ ಸಣ್ಣ ಬಾಯಿಯಲ್ಲಿ ಅಳೆಯಬೇಕು ಎಂಬುದು ಪ್ಲಂಬರನಿಗೂ ಗೊತ್ತಿರುವ ಮಾತು. ನಾವು ಅದನ್ನು ಅತಿ ಅಗಲವಾದಲ್ಲಿ ಅಳೆಯುತ್ತಿದ್ದೇವೆ.

ಇದರಿಂದಲೇ ಮೇಲೆ ಹೇಳಿದ, ಅಲ್ಲಲ್ಲಿ ಉಬ್ಬುವ ರಸ್ತೆ ಹುಟ್ಟುವುದು. ಮಹಾಯೋಜನೆಯಲ್ಲಿ ಗುರುತಿಸಿದ ಅಗಲ ಸಿಗುವಂತೆ ಕಟ್ಟುವವರು ತಮ್ಮ ಜಮೀನಿನ ಮುಂಭಾಗದ ಪಟ್ಟಿಯನ್ನು ಪರಿತ್ಯಾಜನ ಪತ್ರದ ಮೂಲಕ ಪಾಲಿಕೆಗೆ ಬಿಟ್ಟುಕೊಡುತ್ತಿದ್ದರು. ಪಕ್ಕದ ಜಮೀನಿನವರು ಇನ್ನೂ ಕಟ್ಟಿಲ್ಲವಾದರೆ, ಅಥವಾ ಎಂದೋ ಕಟ್ಟಿ ಮುಗಿಸಿದ್ದರೆ, ಅವರ ಪಟ್ಟಿ ಬರುವುದಿಲ್ಲ. ಹೀಗಾಗಿ ಕಪ್ಪೆ ನುಂಗಿದ ಹಾವಿನಂತೆ ರಸ್ತೆ ಒಂದೆಡೆ ಉಬ್ಬಿ, ಇನ್ನೊಂದೆಡೆ ಕುಗ್ಗಿ, ಉಬ್ಬಿದಲ್ಲಿ ವಾಹನ ನಿಲುಗಡೆಯಾಗಿ, ಕುಗ್ಗಿದಲ್ಲಿ ದಿನವೂ ಜಗಳವಾಗಿ ಉಳಿಯುತ್ತದೆ. ರಸ್ತೆ ಅಗಲೀಕರಣಕ್ಕೆ ಜಮೀನನ್ನು ಪರಿಹಾರವಿಲ್ಲದೆ ಬಿಟ್ಟುಕೊಡಬೇಕೆಂಬ ಷರತ್ತು ಆಸ್ತಿಯ ಹಕ್ಕಿಗೆ ವಿರುದ್ಧವೆಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಹೇಳಿದೆ. ನ್ಯಾಯದ ದೃಷ್ಟಿಯಿಂದ ಅದು ಒಪ್ಪತಕ್ಕ ಮಾತೇ; ಒಬ್ಬನ ಹಿತ್ತಲನ್ನು ಕಸಿದು ಊರಿಗೆಲ್ಲ ದಾರಿ ಮಾಡುವುದು ಸರಿಯಲ್ಲ. ಆದರೆ ಪರಿಹಾರಕ್ಕೆ ಹಣವಿಲ್ಲ, ಹಣದ ಬದಲಿಗೆ ಕೊಡುವ, ಬೇರೆಡೆ ಹೆಚ್ಚುವರಿಯಾಗಿ ಕಟ್ಟಲು ಬಳಸಬಹುದಾದ ಅಥವಾ ಮಾರಬಹುದಾದ ಅಭಿವೃದ್ಧಿ ಹಕ್ಕು ವರ್ಗಾವಣೆ (ಟಿಡಿಆರ್) ಪತ್ರದ ಮೇಲೆ ಜಮೀನಿನವರಿಗೆ ನಂಬಿಕೆಯಿಲ್ಲ. ಆ ನಂಬಿಕೆ ಹೋಗಿದ್ದಕ್ಕೆ ಕಾರಣಗಳೂ ಇದ್ದವು ಎಂಬುದು ಪತ್ರಿಕೆ ಓದುವವರಿಗೆಲ್ಲ ತಿಳಿದಿರುವ ಕಥೆ.

ಅಗಲದ ವಿಚಾರವೇ ಎಲ್ಲರ ಗಮನ ಸೆಳೆಯುವುದರಿಂದ ಇನ್ನೊಂದು ದೋಷ ಮರೆಯಾಗಿದೆ: ಕೂಡುರಸ್ತೆಗಳ ಕೊರತೆ. ಪ್ಲೇಗಿನ ಹಿನ್ನೆಲೆಯಲ್ಲಿ 1898ರ ಸುಮಾರಿಗೆ ರೂಪುಗೊಂಡ ಮಲ್ಲೇಶ್ವರದಲ್ಲಿ ವಿಳಾಸ ಹೇಳುವ ಕ್ರಮವನ್ನೇ ಗಮನಿಸಿ. ಇಷ್ಟನೇ ಮೇನ್, ಇಷ್ಟನೇ ಕ್ರಾಸ್ ಎಂದರೆ ಸಾಕು. ಹನ್ನೊಂದನೇ ಕ್ರಾಸಿನಲ್ಲಿ ರಸ್ತೆ ಅಗೆದಿದ್ದರೆ ಹತ್ತರಲ್ಲೋ ಹನ್ನೆರಡರಲ್ಲೋ ನುಸುಳಿಕೊಳ್ಳಬಹುದು. ಬಳಗೆರೆಯಲ್ಲಿ ವಿಳಾಸ ಹೇಳುವುದು ‘ಆ ಶಾಲೆ ದಾಟಿ, ಈ ಅಪಾರ್ಟ್‌ಮೆಂಟ್ ಎದುರು’ ಎಂದು. ಏಕೆಂದರೆ ಎಣಿಸಲು ಅಲ್ಲಿ ಕ್ರಾಸುಗಳೇ ಇಲ್ಲ. ಹತ್ತಿಪ್ಪತ್ತು ಎಕರೆಯ ಸಮುಚ್ಚಯ ತನ್ನ ಸುತ್ತ ಗೋಡೆ ಕಟ್ಟಿಕೊಂಡು ಒಂದು ಗೇಟನ್ನು ಮುಖ್ಯರಸ್ತೆಗೆ ತೆರೆದರೆ, ಅದರ ಹಿಂದಿನ ಬೀದಿಯವರು ನಿಲ್ದಾಣಕ್ಕೆ ಬರಲು ಗೋಡೆಯನ್ನು ಪೂರ್ತಿ ಸುತ್ತಬೇಕು. ನೇರವಾಗಿ ನಾನೂರು ಮೀಟರ್ ಇರುವುದು ನಡೆಯುವಾಗ ಒಂದೂವರೆ ಕಿಲೋಮೀಟರ್ ಆಗುತ್ತದೆ. ಟೆಕ್ ಪಾರ್ಕುಗಳದ್ದೂ ಇದೇ ಪಾಡು. ಗೋಡೆಯೊಳಗೆ ಹುಲ್ಲುಹಾಸು, ಹೊಂಗೆಯ ನೆರಳು, ಗಾಲಿಕುರ್ಚಿ ಉರುಳುವಂಥ ಕಾಲುದಾರಿ ಎಲ್ಲವೂ ಇರುತ್ತದೆ. ಭದ್ರತಾ ಸಿಬ್ಬಂದಿಯ ಕುರ್ಚಿಯಿಂದ ಒಂದು ಹೆಜ್ಜೆ ಹೊರಗಿಟ್ಟರೆ ಮಣ್ಣು. ಈ ನಗರಕ್ಕೆ ಒಳ್ಳೆಯ ಬೀದಿ ಮಾಡಲು ಬರುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. ಗೇಟಿನೊಳಗೆ ದಿನವೂ ಮಾಡುತ್ತಿದ್ದೇವೆ.

ಹಾಗಾದರೆ ಇರುವ ಅಗಲದಲ್ಲಿ ಏನು ಸಾಧ್ಯ? ಭಾರತೀಯ ರಸ್ತೆ ಕಾಂಗ್ರೆಸ್‌ನ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿ ವಸತಿ ಪ್ರದೇಶದಲ್ಲಿ ಕನಿಷ್ಠ 1.8 ಮೀಟರ್ ಅಗಲದ, ಅಡೆತಡೆಯಿಲ್ಲದ ನಡೆದಾರಿ ಇರಬೇಕು ಎನ್ನುತ್ತದೆ. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ದಾಟಲು ಬೇಕಾದ ಅಳತೆ ಅದು. ನಡೆದಾರಿಯ ಎತ್ತರ 150 ಮಿಲಿಮೀಟರ್ ಮೀರಬಾರದು ಎಂದೂ ಹೇಳುತ್ತದೆ. ನಾವು ಸಾಮಾನ್ಯವಾಗಿ ನಲವತ್ತಡಿ ಎನ್ನುವ 12 ಮೀಟರ್ ರಸ್ತೆಯನ್ನು ತೆಗೆದುಕೊಳ್ಳಿ. ಎರಡೂ ಬದಿಗೆ 1.8 ಮೀಟರಿನಂತೆ ನಡೆದಾರಿಗೆ 3.6 ಮೀಟರ್ ಹೋಯಿತು. ಎರಡು ದಿಕ್ಕಿನ ವಾಹನಗಳಿಗೆ ತಲಾ 3 ಮೀಟರಿನಂತೆ ಆರು ಮೀಟರ್. ಬಸ್ಸು ನಿಧಾನವಾಗಿ ಹೋಗಲು ಅದು ಸಾಕು. ಇನ್ನೂ 2.4 ಮೀಟರ್ ಉಳಿಯುತ್ತದೆ. ಅದನ್ನು ಒಂದು ಬದಿಗೆ ಇಟ್ಟುಕೊಂಡು ಒಂದಿಷ್ಟು ದೂರ ಮರ, ಕಂಬ, ಟ್ರಾನ್ಸ್‌ಫಾರ್ಮರ್, ಆಮೇಲೆ ಮೂರು ಕಾರಿನ ನಿಲುಗಡೆ, ಮತ್ತೆ ತಳ್ಳುಗಾಡಿಗೆ ಜಾಗ, ಹೀಗೆ ಹಂಚಿಕೊಳ್ಳಬಹುದು. ಮೂವತ್ತಡಿಯ, ಅಂದರೆ 9 ಮೀಟರಿನ ರಸ್ತೆಯಲ್ಲೂ ಎರಡು ನಡೆದಾರಿ ಹೋಗಿ 5.4 ಮೀಟರ್ ಉಳಿಯುತ್ತದೆ. ಎರಡು ಕಾರುಗಳು ವೇಗ ತಗ್ಗಿಸಿ ದಾಟಬಹುದು, ಅಗ್ನಿಶಾಮಕ ವಾಹನ ಒಳಬರಬಹುದು, ಆದರೆ ಯಾರೂ ಕಾರು ನಿಲ್ಲಿಸುವಂತಿಲ್ಲ. ಅದಕ್ಕಿಂತ ಕಿರಿದಾದ ಗ್ರಾಮಠಾಣಾದ ಓಣಿಗಳಲ್ಲಿ ಎತ್ತರಿಸಿದ ಫುಟ್‌ಪಾತ್ ಮಾಡಹೋಗುವುದೇ ತಪ್ಪು. ಅಲ್ಲಿ ಇಡೀ ನೆಲವನ್ನು ಒಂದೇ ಮಟ್ಟದಲ್ಲಿ ಕಲ್ಲು ಹಾಸಿ, ವಾಹನವನ್ನು ನಡೆಯುವವರ ವೇಗಕ್ಕೆ ಇಳಿಸಬೇಕು.

ಅಂಕಿಗಳು ಇಷ್ಟು ಸರಳವಾಗಿದ್ದರೂ ನೆಲದ ಮೇಲೆ ಅವು ಕೂಡದಿರುವುದಕ್ಕೆ ಮುಖ್ಯ ಕಾರಣ ನಿಲುಗಡೆ. ನಗರದಲ್ಲಿ ಒಂದು ಕೋಟಿಗೂ ಮೀರಿದ ವಾಹನಗಳಿವೆ. ಬಾಡಿಗೆಗೆಂದು ಕಟ್ಟಿದ ಐದಂತಸ್ತಿನ ಮನೆಗಳಲ್ಲಿ ಕಾರು ನಿಲ್ಲಿಸಲೆಂದು ನೆಲಮಾಳಿಗೆಯೋ, ಕಂಬಗಳ ನಡುವೆ ತೆರೆದು ಬಿಟ್ಟ ಸ್ಟಿಲ್ಟೋ ನಕ್ಷೆಯಲ್ಲಿ ಇರುತ್ತದೆ, ಆದರೆ ವರ್ಷದೊಳಗೆ ಅಲ್ಲಿ ಒಂದು ದರ್ಶಿನಿಯೋ ಮೊಬೈಲ್ ಅಂಗಡಿಯೋ ಬರುತ್ತದೆ. ಅಂಗಡಿ ಬಂದದ್ದು ಬೀದಿಗೆ ಒಳ್ಳೆಯದೇ. ಬೆಳಕು, ಜನ, ಕಣ್ಗಾವಲು ಸಿಗುತ್ತದೆ. ಆದರೆ ಅಲ್ಲಿರಬೇಕಿದ್ದ ಕಾರುಗಳು ಹೊರಗೆ ಬರುತ್ತವೆ. ಮನೆಯ ಮುಂದಿನ ರಸ್ತೆ ತನ್ನದೇ ನಿಲುಗಡೆ ಎಂದು ನಂಬಿರುವ ನಾಗರಿಕನಿಗೆ ‘ಫುಟ್‌ಪಾತ್ ಬೇಕೆ?’ ಎಂದು ಕೇಳಿದರೆ ಬೇಕೆನ್ನುತ್ತಾನೆ. ‘ನಿಮ್ಮ ಗೇಟಿನ ಮುಂದೆ?’ ಎಂದರೆ ಸುಮ್ಮನಾಗುತ್ತಾನೆ. ರಸ್ತೆಬದಿ ನಿಲುಗಡೆಗೆ ಶುಲ್ಕ ವಿಧಿಸುವ, ಪರವಾನಗಿ ಕೊಡುವ ನೀತಿ ನಗರ ಭೂಸಾರಿಗೆ ನಿರ್ದೇಶನಾಲಯದ ಕಡತದಲ್ಲಿ ವರ್ಷಗಳಿಂದ ಇದೆ. ಜಾರಿಗೆ ರಾಜಕೀಯ ಧೈರ್ಯ ಬೇಕು, ಚುನಾಯಿತ ಕಾರ್ಪೊರೇಟರ್‌ಗಳೇ ಇಲ್ಲದೆ 2020ರ ಸೆಪ್ಟೆಂಬರಿನಿಂದ ನಡೆದುಬಂದ ನಗರದಲ್ಲಿ ಆ ಧೈರ್ಯವನ್ನು ಯಾರಿಂದ ನಿರೀಕ್ಷಿಸುವುದು?

ತಳ್ಳುಗಾಡಿಗಳ ಮೇಲೆ ಮಾತ್ರ ಧೈರ್ಯ ಬೇಗ ಬರುತ್ತದೆ. ಟೆಕ್ ಪಾರ್ಕಿನ ಗೇಟಿನೆದುರು ಚಿತ್ರಾನ್ನ, ಇಡ್ಲಿ, ಎಳನೀರು ಮಾರುವವರನ್ನು ‘ಒತ್ತುವರಿ ತೆರವು’ ಎಂದು ಎಬ್ಬಿಸುವುದು ಸುಲಭ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಸಮೀಕ್ಷೆ ಮಾಡಿ, ಮಾರಾಟದ ಪ್ರಮಾಣಪತ್ರ ಕೊಟ್ಟು, ವಲಯ ಗುರುತಿಸಬೇಕೆಂದು ಹೇಳುತ್ತದೆ. ಹೊಸ ಬೀದಿಯನ್ನು ರಚಿಸುವಾಗ ಅವರಿಗೆಂದು ಎರಡು ಮೀಟರಿನ ಪಟ್ಟಿ ಬಿಟ್ಟರೆ ಅವರು ನಡೆದಾರಿಯ ಮೇಲೆ ನಿಲ್ಲಬೇಕಾಗಿಯೇ ಬರುವುದಿಲ್ಲ. ಮೇಲಿನ 12 ಮೀಟರಿನ ಲೆಕ್ಕದಲ್ಲಿ ಉಳಿದ 2.4 ಮೀಟರನ್ನು ನೆನಪಿಸಿಕೊಳ್ಳಿ.

ನೆಲದ ಕೆಳಗಿನ ಕಥೆ ಮೇಲಿನದಕ್ಕಿಂತ ಗೋಜಲು. ಯಾವ ಬಡಾವಣೆಯಲ್ಲಾದರೂ ಒಳಚರಂಡಿ ಮೊದಲು, ನೀರಿನ ಕೊಳವೆ ಆಮೇಲೆ, ವಿದ್ಯುತ್ ಮತ್ತು ಕೇಬಲ್ ಅದರ ನಂತರ, ಎಲ್ಲ ಮುಗಿದ ಮೇಲೆ ರಸ್ತೆ ಎಂಬುದು ಕ್ರಮ. 110 ಹಳ್ಳಿಗಳಲ್ಲಿ ಅದು ತಲೆಕೆಳಗಾಯಿತು. ಜನ ಬಂದು ನೆಲೆಸಿ, ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನಲ್ಲಿ ವರ್ಷಗಟ್ಟಲೆ ಕಳೆದ ಮೇಲೆ, ಡಾಂಬರು ಹಾಕಿದ್ದ ರಸ್ತೆಗಳನ್ನು ಅಗೆದು ಒಳಚರಂಡಿ ಹಾಗೂ ಕಾವೇರಿ ಕೊಳವೆ ಹೂಳಿದರು. ಈ ಹಳ್ಳಿಗಳಿಗೆಂದೇ ರೂಪಿಸಿದ, ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತಕ್ಕೆ 2024ರ ಅಕ್ಟೋಬರ್ 16ರಂದು ಚಾಲನೆ ಸಿಕ್ಕಿತು. ನೀರು ಬಂದದ್ದು ದೊಡ್ಡ ಸಮಾಧಾನವೇ. ಆದರೆ ಅಗೆದ ಗುಂಡಿಯನ್ನು ಸರಿಯಾಗಿ ದಮ್ಮಸ್ಸು ಮಾಡದೆ ಮೇಲೆ ಜಲ್ಲಿ ಎರಚಿದ್ದರಿಂದ ಮೊದಲ ಮಳೆಗೇ ಕೊಳವೆಯ ಗುಂಟ ನೆಲ ಕುಸಿಯಿತು. ಕುಸಿದಲ್ಲಿ ಮತ್ತೆ ಡಾಂಬರು, ಅದರ ಮೇಲೆ ಇನ್ನೊಂದು ಪದರ. ಹಳೆಯ ಪದರವನ್ನು ಕೆರೆದು ತೆಗೆಯದೆ ಹೊಸದನ್ನು ಹಾಕುತ್ತ ಹೋದ ಬೀದಿಗಳಲ್ಲಿ ಈಗ ರಸ್ತೆ ಮನೆಯ ಹೊಸ್ತಿಲಿಗಿಂತ ಎತ್ತರದಲ್ಲಿದೆ. ಮಳೆ ನೀರು ಚರಂಡಿಗೆ ಹೋಗುವ ಮುಂಚೆ ಗೇಟಿನೊಳಗೆ ಬರುತ್ತದೆ. ಆಗ ಮನೆಯವರು ಗೇಟಿನ ಮುಂದೆ ಇಳಿಜಾರನ್ನು ಇನ್ನಷ್ಟು ಎತ್ತರಿಸುತ್ತಾರೆ. ನಡೆದಾರಿಯ ಮಟ್ಟ ಮನೆಮನೆಗೂ ಏರಿಳಿಯುವುದಕ್ಕೆ ಮೂಲ ಇದು. 2022ರ ಸೆಪ್ಟೆಂಬರಿನ ನೆರೆಯಲ್ಲಿ ಸರ್ಜಾಪುರ ರಸ್ತೆಯ ಬಡಾವಣೆಯೊಂದರಿಂದ ಜನರನ್ನು ಟ್ರ್ಯಾಕ್ಟರ್‌ಗಳಲ್ಲಿ ಹೊರತಂದ ದೃಶ್ಯವನ್ನು ದೇಶವೆಲ್ಲ ನೋಡಿತು. ರಾಜಕಾಲುವೆಯ ಒತ್ತುವರಿಯ ಬಗ್ಗೆ ಆಗ ಸಾಕಷ್ಟು ಚರ್ಚೆಯಾಯಿತು. ಬೀದಿಯ ಮಟ್ಟದ ಬಗ್ಗೆ, ಅದರ ಇಳಿಜಾರು ಯಾವ ಕೆರೆಯ ಕಡೆಗೆ ಎಂಬುದರ ಬಗ್ಗೆ ಆಗಲೂ ಯಾರೂ ಹೆಚ್ಚು ಮಾತಾಡಲಿಲ್ಲ.

ಕೊಳವೆಗಳನ್ನು ಕ್ರಮವಾಗಿ ಜೋಡಿಸಿ ಮೇಲೆ ನಡೆದಾರಿ ಕಟ್ಟುವ ವಿದ್ಯೆ ಬೆಂಗಳೂರಿಗೆ ಹೊಸದಲ್ಲ. ಕಳೆದ ದಶಕದಲ್ಲಿ ಟೆಂಡರ್‌ಶ್ಯೂರ್ ಯೋಜನೆಯಡಿ ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆ, ವಿಠ್ಠಲ್ ಮಲ್ಯ ರಸ್ತೆ ಮೊದಲಾದವುಗಳಲ್ಲಿ ಇದನ್ನೇ ಮಾಡಿದರು. ವಾಹನ ಪಥವನ್ನು ಉದ್ದಕ್ಕೂ ಒಂದೇ ಅಗಲಕ್ಕೆ ತಂದು, ಉಳಿದುದನ್ನು ನಡೆಯುವವರಿಗೆ ಕೊಟ್ಟು, ಸೌಕರ್ಯಗಳನ್ನೆಲ್ಲ ನಡೆದಾರಿಯ ಕೆಳಗಿನ ಡಕ್ಟ್‌ಗಳಿಗೆ ಸರಿಸಿದರು. ಕೇಬಲ್ ಎಳೆಯಲು ರಸ್ತೆ ಅಗೆಯಬೇಕಿಲ್ಲ, ಚೇಂಬರಿನ ಮುಚ್ಚಳ ತೆರೆದರೆ ಸಾಕು. ಖರ್ಚು ಜಾಸ್ತಿ ಎಂಬ ಟೀಕೆ ಅಂದೂ ಇತ್ತು, ಇಂದೂ ಇದೆ. ಆದರೆ ಆ ಯೋಜನೆಯ ನಿಜವಾದ ಮಿತಿ ಬೇರೆ. ಅದು ಆಗಲೇ ಪೂರ್ತಿ ಕಟ್ಟಿ ಮುಗಿದಿದ್ದ, ಅಗಲ ನಿಗದಿಯಾಗಿದ್ದ ನಗರಮಧ್ಯದ ರಸ್ತೆಗಳಿಗೆ ಹೊಂದುವ ವಿದ್ಯೆ. ನಗರದ ಸುಮಾರು 13,000 ಕಿ.ಮೀ. ರಸ್ತೆಗಳಲ್ಲಿ ಹತ್ತನೆಯ ಒಂದು ಪಾಲು ಮಾತ್ರ ಮುಖ್ಯ ಹಾಗೂ ಉಪಮುಖ್ಯ ರಸ್ತೆಗಳು. ದೊಡ್ಡ ಯೋಜನೆಗಳ ದುಡ್ಡು ಹೋಗುವುದು ಅಲ್ಲಿಗೆ. ಬಳಗೆರೆಯ ಒಳದಾರಿಯ ಸರದಿ ಆ ಲೆಕ್ಕದಲ್ಲಿ ಯಾವತ್ತೂ ಬರುವುದಿಲ್ಲ.

ಅಗಲೀಕರಣದಿಂದಲೇ ಎಲ್ಲವೂ ಸರಿಹೋಗುತ್ತದೆ ಎನ್ನುವವರಿಗೆ ಪಕ್ಕದಲ್ಲೇ ಒಂದು ದೊಡ್ಡ ಉದಾಹರಣೆಯಿದೆ. ಹೊರ ವರ್ತುಲ ರಸ್ತೆಗೆ ಆರು ಪಥ, ಎರಡೂ ಬದಿಗೆ ಸರ್ವಿಸ್ ರಸ್ತೆ, ಮೇಲ್ಸೇತುವೆಗಳು ಎಲ್ಲವೂ ಇವೆ. ಆದರೂ ಬೆಳ್ಳಂದೂರಿನಿಂದ ಮಾರತಹಳ್ಳಿಗೆ ಸಂಜೆ ಆರಕ್ಕೆ ಹೊರಟವರನ್ನು ಕೇಳಿ. ಅಲ್ಲಿ ಸ್ವಲ್ಪ ಮಟ್ಟಿಗಾದರೂ ಭರವಸೆ ಮೂಡಿಸಿದ ಪ್ರಯೋಗ ಎಂದರೆ 2019ರ ಅಕ್ಟೋಬರಿನಲ್ಲಿ ಸಿಲ್ಕ್ ಬೋರ್ಡ್‌ನಿಂದ ಆರಂಭಿಸಿದ ಬಸ್ ಆದ್ಯತಾ ಪಥ, ಅಂದರೆ ಇದ್ದ ಅಗಲವನ್ನೇ ಬೇರೆ ರೀತಿ ಹಂಚಿದ್ದು. ಮೆಟ್ರೊ ಕಾಮಗಾರಿ ಬಂದಾಗ ಅದು ಮರೆಯಾಯಿತು.

ಬೀದಿ ನಿರ್ಮಾಣವಾಗುವುದು ನಕ್ಷೆ ಮಂಜೂರಾತಿಯ ಮೇಜಿನ ಮೇಲೆ ಎಂದು ಒಪ್ಪಿದರೆ, ಮಾಡಬೇಕಾದ ಕೆಲಸಗಳೂ ಅಲ್ಲಿಂದಲೇ ಶುರುವಾಗುತ್ತವೆ. ಇಂದು ನಕ್ಷೆಯಲ್ಲಿ ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ), ಎತ್ತರ, ಕಾರುಗಳ ಸಂಖ್ಯೆ ತೋರಿಸಬೇಕು. ಕಾಂಪೌಂಡಿನಿಂದ ರಸ್ತೆಯ ಮಧ್ಯದವರೆಗಿನ ಅಡ್ಡಕೊಯ್ತ ತೋರಿಸಬೇಕಿಲ್ಲ. ಗೇಟಿನ ಇಳಿಜಾರು ನಿವೇಶನದ ಸೆಟ್‌ಬ್ಯಾಕ್‌ನೊಳಗೇ ಮುಗಿಯಬೇಕು, ಹೊರಗಿನ ನಡೆದಾರಿಯ ಮಟ್ಟ ಪಕ್ಕದವರ ಮಟ್ಟಕ್ಕೆ ಕೂಡಬೇಕು, ಟ್ರಾನ್ಸ್‌ಫಾರ್ಮರ್‌ಗೆ ಜಾಗ ಒಳಗೆ ಬಿಡಬೇಕು ಎಂಬ ಮೂರು ಷರತ್ತುಗಳನ್ನು ಕಟ್ಟಡದಲ್ಲಿ ವಾಸಕ್ಕೆ ಒಪ್ಪಿಗೆ ಕೊಡುವ ಸ್ವಾಧೀನಾನುಭವ ಪತ್ರ (ಒ.ಸಿ.) ಕೊಡುವ ಮುಂಚೆ ಸ್ಥಳಕ್ಕೆ ಹೋಗಿ ಪರಿಶೀಲಿಸಿದರೆ, ಲೇಖನದ ಮೊದಲಿಗೆ ನಡೆದ ಬೀದಿಯ ಅರ್ಧ ಅಡಚಣೆಗಳು ಹುಟ್ಟುವುದೇ ಇಲ್ಲ. ದೊಡ್ಡ ಸಮುಚ್ಚಯಗಳಿಗೆ ಇನ್ನೊಂದು ಷರತ್ತು ಬೇಕು: ನೂರೈವತ್ತು, ಇನ್ನೂರು ಮೀಟರಿಗೊಂದರಂತೆ ಸಾರ್ವಜನಿಕರು ನಡೆದು ದಾಟಬಹುದಾದ ಓಣಿ. ಭದ್ರತೆಯ ನೆಪದಲ್ಲಿ ಇದಕ್ಕೆ ಬರುವ ವಿರೋಧವನ್ನು ನಾನು ಊಹಿಸಬಲ್ಲೆ. ರಾತ್ರಿ ಮುಚ್ಚುವ ಗೇಟು ಇರಲಿ, ಹಗಲು ತೆರೆದಿರಲಿ.

ಆದರೆ ಒಂದೊಂದೇ ನಿವೇಶನಕ್ಕೆ ಷರತ್ತು ಹಾಕುವುದರಿಂದ ಕೂಡುರಸ್ತೆಗಳ ಜಾಲ ಹುಟ್ಟುವುದಿಲ್ಲ. ಅದಕ್ಕೆ ಹಲವು ಸರ್ವೆ ನಂಬರುಗಳನ್ನು ಒಟ್ಟಿಗೆ ನೋಡಬೇಕು. ಅಹಮದಾಬಾದಿನಲ್ಲಿ ಬ್ರಿಟಿಷರ ಕಾಲದಿಂದಲೂ ಬಳಕೆಯಲ್ಲಿರುವ ‘ಟೌನ್ ಪ್ಲಾನಿಂಗ್ ಸ್ಕೀಮ್’ ಮಾಡುವುದು ಇದನ್ನೇ. ನೂರಾರು ಎಕರೆಯ ಹೊಲಗಳನ್ನು ಕಾಗದದ ಮೇಲೆ ಒಂದುಗೂಡಿಸಿ, ರಸ್ತೆ, ಉದ್ಯಾನ, ಶಾಲೆಗಳಿಗೆ ಎಲ್ಲರಿಂದಲೂ ಒಂದು ಪಾಲನ್ನು ತೆಗೆದುಕೊಂಡು, ಉಳಿದ ಜಮೀನನ್ನು ನೇರ ಗಡಿಗಳ ನಿವೇಶನವಾಗಿ ಅವರವರಿಗೇ ಹಿಂದಿರುಗಿಸುತ್ತಾರೆ. ಜಮೀನು ಕಳೆದುಕೊಳ್ಳುವುದು ಒಬ್ಬನೇ ಅಲ್ಲ, ಲಾಭವೂ ಒಬ್ಬನಿಗೇ ಅಲ್ಲ. ಇದಕ್ಕೆ ನಮ್ಮಲ್ಲಿ ಹೊಸ ಕಾನೂನು ಬೇಕಿಲ್ಲ; 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲೇ ಇಂಥ ಸ್ಕೀಮುಗಳಿಗೆ ಅವಕಾಶವಿದೆ. ಪೂರ್ತಿ ಕಟ್ಟಿ ಮುಗಿದ ಹೂಡಿಯಲ್ಲಿ ಇದು ತಡವಾದ ಮಾತು. ಗುಂಜೂರಿನ ಆಚೆ, ಸರ್ಜಾಪುರದ ಕಡೆಗೆ, ಇನ್ನೂ ಹೊಲಗಳಿವೆ.

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದವು. ಮಹದೇವಪುರ ಮತ್ತು ಕೆ.ಆರ್. ಪುರದ ಕಡೆಯ ಈ ಪ್ರದೇಶ ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರಿದೆ. ಐಟಿ ಕಾರಿಡಾರಿನ ತೆರಿಗೆ ಬರುವುದರಿಂದ ಐದರಲ್ಲಿ ಇದು ಬಡವನಲ್ಲ. ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ, ಅಡೆತಡೆಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯಡಿ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿದೆ. ಹಾಗಾಗಿ ಹೊಸ ಪಾಲಿಕೆಗೆ ಹಣದ ನೆಪವೂ ಕಾನೂನಿನ ನೆಪವೂ ಉಳಿದಿಲ್ಲ. ಇನ್ನೊಂದು ಕಡೆ ಗಡಿಯಾರ ಓಡುತ್ತಿದೆ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಹೊರ ವರ್ತುಲ ರಸ್ತೆಯ ಮೇಲೆ ನೀಲಿ ಮಾರ್ಗದ ಕಂಬಗಳು ಎದ್ದಿವೆ, ನಿಲ್ದಾಣಗಳು ರೂಪುಗೊಳ್ಳುತ್ತಿವೆ. ಕಾಡುಬೀಸನಹಳ್ಳಿಯಲ್ಲಿ ಇಳಿದು ಪಣತ್ತೂರಿನ ಕಡೆಗೆ ನಡೆಯಬೇಕಾದವರ ದಾರಿಯ ಇಕ್ಕೆಲಗಳಲ್ಲಿ ಖಾಲಿ ನಿವೇಶನಗಳು ಇನ್ನೂ ಕೆಲವು ಉಳಿದಿವೆ. ತಗಡಿನ ಬೇಲಿ ಹಾಕಿ, ಪಾಯ ತೋಡಲು ಕಾದಿರುವ ಆ ನಿವೇಶನಗಳ ನಕ್ಷೆಗಳು ಈ ವರ್ಷವೋ ಮುಂದಿನ ವರ್ಷವೋ ಮಂಜೂರಾಗುತ್ತವೆ. ಸದ್ಯದ ನಮೂನೆಯಲ್ಲಿ ಬೀದಿಯ ಬಗ್ಗೆ ಅವುಗಳಲ್ಲಿ ಇರುವುದು ಒಂದೇ ಸಾಲು, ‘ರಸ್ತೆಯ ಅಗಲ’ ಎಂಬ ಅಂಕಣ ಮತ್ತು ಅದರ ಮುಂದೆ ಒಂದು ಸಂಖ್ಯೆ.